ಡೋರೀನ್ ಬಾಯಿಗೆ ಬಿದ್ದ ಬೀಗ

ನನ್ನ ಅಕ್ಕ ಡೋರೀನ್ ಕುಬಿಯಾಕ್ ಅಮೆರಿಕದ ಬಫಲೋ ಊರಿನಲ್ಲಿ ಶಾಲೆ ಬಸ್ಸು ಓಡಿಸುತ್ತಿದ್ದವಳು. ಸೊಂಟ ಕೈಕೊಟ್ಟಿತು, ಕೆಲಸ ಹೋಯಿತು. ಅರವತ್ತು ದಾಟಿದ ಮೇಲೆ ಅವಳಿಗೆ ಮನೆ ಮಾರಿಸುವ ಏಜೆಂಟ್ ಆಗುವ ಹುಚ್ಚು ಹಿಡಿಯಿತು. ನಮ್ಮಲ್ಲಿ ಅದೇನು ನೆನೆಸಿಕೊಂಡ ತಕ್ಷಣ ಆಗುವ ಕೆಲಸವಲ್ಲ. ತರಗತಿಗೆ ಕೂರಬೇಕು, ಸರ್ಕಾರದ ಪರೀಕ್ಷೆ ಪಾಸಾಗಬೇಕು, ಆಮೇಲೆ ಒಬ್ಬ ಬ್ರೋಕರ್ ಇವಳನ್ನು ತನ್ನ ಕೈಕೆಳಗೆ ತೆಗೆದುಕೊಳ್ಳಲು ಒಪ್ಪಬೇಕು. ಆಗಷ್ಟೇ ಲೈಸೆನ್ಸ್.

ಶುಕ್ರವಾರ ರಾತ್ರಿ ಚರ್ಚ್ ಹಾಲಿನ ವಾರದ ಮೀನೂಟದಲ್ಲಿ ಅಕ್ಕ ಇದನ್ನು ಹೇಳಿದಾಗ ನಮ್ಮ ತಮ್ಮ ಕ್ಯಾಸಿಮಿರ್‌ಗೆ ನಗು ತಡೆಯಲಾಗಲಿಲ್ಲ.

"ನಿನ್ನ ಬಾಯಿಗೆ ಲೈಸೆನ್ಸ್ ಕೊಡೋ ಸರ್ಕಾರ ಇನ್ನೂ ಹುಟ್ಟಿಲ್ಲ ಬಿಡು!"

ಅವನು ಹೇಳಿದ್ದು ಸುಳ್ಳಲ್ಲ. ಡೋರೀನ್‌ಗೆ ಯಾವ ಬೀದಿಯಲ್ಲಿ ಪೋಲಿಷರು, ಯಾವುದರಲ್ಲಿ ಐರಿಷರು, ಯಾರ ಮನೆಗೆ ಯಾವ ದೇಶದಿಂದ ಸೊಸೆ ಬಂದಳು ಎಲ್ಲಾ ಗೊತ್ತು. ಗೊತ್ತಿದ್ದದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ಅಭ್ಯಾಸವಿಲ್ಲ. ಬಸ್ ಸ್ಟಾಪಿನಲ್ಲಿ ಹೊಸಬರು ಕಂಡರೆ ಸಾಕು, "ನೀವಾ? ನಿಮಗೆ ಆ ಕಡೆ ಬೀದಿ ಚೆನ್ನಾಗಿ ಹೊಂದುತ್ತೆ, ಅಲ್ಲೆಲ್ಲಾ ನಿಮ್ಮೋರೇ" ಎಂದು ಕೇಳದೆಯೇ ಉಪಕಾರ ಮಾಡುತ್ತಿದ್ದಳು.

ಮೊದಲ ಪರೀಕ್ಷೆಯಲ್ಲಿ ಅವಳನ್ನು ಬೀಳಿಸಿದ್ದೂ ಅದೇ ಉಪಕಾರ. 'ಈ ಬೀದಿಯಲ್ಲಿ ಎಂಥ ಜನ ಇದ್ದಾರೆ ಎಂದು ಗಿರಾಕಿ ಕೇಳಿದರೆ ಏನು ಮಾಡುತ್ತೀರಿ?' ಎಂಬಂಥ ಪ್ರಶ್ನೆಗಳಿಗೆಲ್ಲಾ 'ನಿಜ ಹೇಳುತ್ತೇನೆ' ಎಂದು ಗುರುತು ಹಾಕಿ ಬಂದಿದ್ದಳು.

"ನಿಜ ಹೇಳೋದು ತಪ್ಪೇನೇ ಲೊರೆಟ್ಟಾ?" ಎಂದು ನನ್ನ ಅಡುಗೆಮನೆಯಲ್ಲಿ ಕೂತು ಗೊಳೋ ಎಂದು ಅತ್ತಳು. ಅವಳು ಹಾಗೆ ಅತ್ತದ್ದನ್ನು ನಾನು ಕಂಡೇ ಇರಲಿಲ್ಲ. ಇದೂ ತಪ್ಪಿದರೆ ಅವಳು ಮನೆಯಲ್ಲಿ ಕೂತು ಟಿವಿಗೆ ಬೈಯುತ್ತಾ ಮುದುಕಿಯಾಗಬೇಕಿತ್ತು. ಅದಕ್ಕೇ ಅವಳು ಹೆದರಿದ್ದು.

ಎರಡನೆಯ ಸಲ, ಜನಾಂಗ, ದೇಶ ನೋಡಿ ಗಿರಾಕಿಯನ್ನು ಈ ಬೀದಿ ಆ ಬೀದಿ ಎಂದು ತಿರುಗಿಸಬಾರದೆಂಬ ಕಾನೂನನ್ನು ಉರು ಹೊಡೆದು ಪಾಸಾದಳು. ಬ್ರೋಕರ್ ಹುಡುಕಿಕೊಂಡು ಹೋಗಿದ್ದು ಒಡೆಸ್ಸಾ ಟಿಲ್‌ಮನ್ ಎಂಬ ಹೆಂಗಸಿನ ಕಚೇರಿಗೆ. ಆಕೆ ಕಪ್ಪು ಜನಾಂಗದವರು, ಗಟ್ಟಿ ಕುಳ. ಜೊತೆಗೆ ನಾನೂ ಹೋಗಿದ್ದೆ.

"ಪರೀಕ್ಷೆ ಯಾರು ಬೇಕಾದ್ರೂ ಪಾಸಾಗ್ತಾರೆ," ಎಂದರು ಆಕೆ. "ಆ ಕಾನೂನು ಯಾಕಿದೆ, ಗೊತ್ತಾ?"

"ಮಾಡಬಾರದು ಅಂತ ಇದೆ, ಮೇಡಂ, ಅದಕ್ಕೇ ಮಾಡಲ್ಲ."

"ನಮ್ಮಪ್ಪ ನಿಮ್ಮ ಬೀದಿಯಲ್ಲೇ ಒಂದು ಮನೆ ನೋಡೋಕೆ ಹೋಗಿದ್ರು. ಏಜೆಂಟ್ ಬಾಗಿಲಲ್ಲೇ ನಿಂತು ಹೇಳಿದ, 'ಇಲ್ಲಿ ನಿಮ್ಮೋರು ಯಾರೂ ಇಲ್ಲ, ನಿಮಗೇ ಬೇಜಾರಾಗುತ್ತೆ. ಆ ಕಡೆ ಬೀದಿ ನಿಮಗೆ ಚೆನ್ನಾಗಿ ಹೊಂದುತ್ತೆ.' ಬೈಯಲಿಲ್ಲ, ನಗುನಗ್ತಾನೇ ಹೇಳಿದ. ನಮ್ಮಪ್ಪ ಒಳಗೆ ಕಾಲೇ ಇಡಲಿಲ್ಲ."

ಡೋರೀನ್ ಮುಖ ಬಿಳಿಚಿಕೊಂಡಿತು. ಅದು ಅಕ್ಷರಶಃ ಅವಳದೇ ಮಾತು. ಮನೆಗೆ ಬರುವಾಗ ಬಸ್ ಸ್ಟಾಪಿನಲ್ಲಿ ಹೊಸಬರು ಕಂಡರು, ಅವಳು ತಲೆ ತಗ್ಗಿಸಿ ಮುಂದೆ ನಡೆದಳು.

ಮಿಸೆಸ್ ಟಿಲ್‌ಮನ್ ಇನ್ನೂ ಹೂಂ ಅಂದಿರಲಿಲ್ಲ. ನಮ್ಮ ಪಕ್ಕದ ಮನೆಯೇ ಅವರ ಕೈಯಲ್ಲಿ ಮಾರಾಟಕ್ಕಿತ್ತು. "ಭಾನುವಾರ ಜನ ನೋಡೋಕೆ ಬರ್ತಾರೆ, ಬಾಗಿಲು ತೆಗಿ, ಕಾಫಿ ಕೊಡು. ಲೈಸೆನ್ಸ್ ಇಲ್ಲ, ಮನೆ ಬಗ್ಗೆ ಒಂದು ಮಾತೂ ಆಡಕೂಡದು. ನಿನ್ನನ್ನು ತಗೋಬೇಕೋ ಬೇಡವೋ ಅವತ್ತೇ ಹೇಳ್ತೀನಿ," ಎಂದು ಡೋರೀನ್‌ಗೆ ಕರೆ ಬಂತು.

ಆ ಭಾನುವಾರ ಹಿಮ ಸುರಿಯುತ್ತಿತ್ತು. ನಾನು ನೆಂಟಸ್ತಿಕೆಯ ನೆಪದಲ್ಲಿ ಹೋಗಿ ಪೌಂಚ್ಕಿ ಎಂಬ ಜಾಮ್ ತುಂಬಿದ ನಮ್ಮ ಪೋಲಿಷ್ ಕರಿದ ಬನ್ನಿನ ತಟ್ಟೆಯ ಪಕ್ಕ ನೆಲೆಯೂರಿದೆ. ಒಂದು ಗಂಡ ಹೆಂಡತಿ ಬಂದರು, ಹೆಂಡತಿ ತುಂಬಿದ ಬಸುರಿ. ಮನೆಯೆಲ್ಲಾ ಸುತ್ತಿ ಬಂದು ಗಂಡ ಡೋರೀನ್‌ಳನ್ನೇ ಕೇಳಿದ.

"ನೀವು ಇದೇ ಬೀದಿಯವರಂತೆ. ಇಲ್ಲಿ ಎಂಥ ಜನ ಇದ್ದಾರೆ, ಸ್ವಲ್ಪ ಹೇಳಿ?"

ಡೋರೀನ್ ಕುತ್ತಿಗೆ ಕೆಂಪಾಯಿತು. ಇಡೀ ಬೀದಿ ಅವಳ ನಾಲಿಗೆಯ ತುದಿಗೆ ಬಂದು ನಿಂತದ್ದು ನನಗೆ ಕಂಡಿತು. ಒಳಬಾಗಿಲಲ್ಲಿ ಮಿಸೆಸ್ ಟಿಲ್‌ಮನ್ ಕೈಕಟ್ಟಿ ನಿಂತಿದ್ದರು. ತಡೆಯಲಾರದೆ ನಾನೇ ಶುರುಮಾಡಿದೆ.

"ಅಯ್ಯೋ, ಇಲ್ಲೆಲ್ಲಾ ನಮ್ಮ ಪೋಲಿಷ್..."

ಇಡೀ ಪೌಂಚ್ಕಿಯೊಂದು ನನ್ನ ಬಾಯಿಗೆ ಬಿತ್ತು. ಅಕ್ಕ ಅಂಗೈಯಿಂದ ಒತ್ತಿ ಹಿಡಿದಳು. ಜಾಮ್ ಗಲ್ಲದ ಮೇಲೆ ಇಳಿಯಿತು.

"ಇವಳು ನನ್ನ ತಂಗಿ, ಹಸಿದಿದ್ದಾಳೆ," ಎಂದಳು ಅವರಿಗೆ. "ಮನೆ ವಿಷಯ ಮೇಡಂನ ಕೇಳಿ. ಜನರ ವಿಷಯ ಮಾತ್ರ ಈ ಮನೇಲಿ ಯಾರೂ ಹೇಳಲ್ಲ, ಹೇಳಬಾರದು. ನೀವು ಇಷ್ಟಪಟ್ಟ ಬೀದಿ ನಿಮ್ಮದು."

ಅವರು ಹೋದ ಮೇಲೆ ಮಿಸೆಸ್ ಟಿಲ್‌ಮನ್ ಗೋಡೆಗೆ ಒರಗಿಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಒರೆಸಿಕೊಂಡದ್ದೆಲ್ಲಾ ನಗುವಿನ ನೀರೇ ಅಲ್ಲವೇನೋ ಅನ್ನಿಸಿತು ನನಗೆ. "ನಾಳೆ ಕಚೇರಿಗೆ ಬಾ ಡೋರೀನ್," ಎಂದರು. "ನೀನು ನನ್ನವಳು."

ಲೈಸೆನ್ಸ್ ಕಾರ್ಡು ಬಂದ ಶುಕ್ರವಾರ ಅಕ್ಕ ಅದನ್ನು ಕ್ಯಾಸಿಮಿರ್‌ನ ಮೀನಿನ ತಟ್ಟೆಯ ಮೇಲೇ ಇಟ್ಟಳು.

"ಹುಟ್ತು ನೋಡೋ ನಿನ್ನ ಸರ್ಕಾರ!"

ಹಾಲಿನಲ್ಲಿದ್ದವರೆಲ್ಲಾ ಎದ್ದು ಚಪ್ಪಾಳೆ ತಟ್ಟಿದರು. ಪಾದ್ರಿಯವರು ಕಾರ್ಡನ್ನು ಎರಡು ಸಲ ಓದಿದರು. ಕ್ಯಾಸಿಮಿರ್ ಅದಕ್ಕೆ ಅಂಟಿದ ಎಣ್ಣೆಯನ್ನು ತನ್ನ ಅಂಗಿಯಿಂದಲೇ ಒರೆಸಿ ಕೊಟ್ಟ. ನನಗಂತೂ ಹೆಮ್ಮೆಯಿಂದ ಎದೆ ಬಿರಿಯುವ ಹಾಗಿತ್ತು.

ವಸಂತದಲ್ಲಿ ಪಕ್ಕದ ಮನೆ ಮಾರಾಟವಾಯಿತು. ಅದು ಅಕ್ಕನ ಮೊದಲ ವ್ಯವಹಾರ.

"ಯಾರೇ ತಗೊಂಡಿದ್ದು? ನನಗೊಬ್ಬಳಿಗೆ ಹೇಳೇ," ಎಂದು ವಾರವೆಲ್ಲಾ ಪ್ರಾಣ ತಿಂದೆ.

"ಜನ ತಗೊಂಡ್ರು ಕಣೇ. ಬಂದಾಗ ಬಾಗಿಲು ತಟ್ಟು."

ಸಾಮಾನಿನ ಲಾರಿ ಬಂದ ದಿನ ಒಂದು ತಟ್ಟೆ ಪೌಂಚ್ಕಿ ಹಿಡಿದು ಹೋಗಿ ಬಾಗಿಲು ತಟ್ಟಿದೆ. ತೆಗೆದರು. ಒಳಗೆ ಕರೆದರು. ಅವರ ಅಜ್ಜ ಕಿಟಕಿಯ ಬಳಿಯ ಕುರ್ಚಿ ನನಗೆ ಬಿಟ್ಟುಕೊಟ್ಟರು. ಎಲ್ಲರೂ ಕೂತು ತಿಂದೆವು, ತಟ್ಟೆ ಖಾಲಿಯಾಯಿತು.

ಬಂದವರು ಯಾರು, ಎಂಥವರು ಎಂದು ನೀವು ಕೇಳಬಹುದು. ಹೇಳುವುದಿಲ್ಲ. ನಾನು ಡೋರೀನ್ ತಂಗಿ.