ಹೆಕ್ಕಿದ ಹತ್ತು ಮಕ್ಕಳು

ಒಂದನೇ ಕ್ಲಾಸಿನ ಮಕ್ಕಳು ಸೈಕಲ್ ಶೆಡ್ಡಿನಲ್ಲಿ ಕೂತಿದ್ದವು. ಮೇಲೆ ತಗಡು, ಮೂರು ಬದಿ ಟಾರ್ಪಾಲು, ಇನ್ನೊಂದು ಬದಿ ನೀರಿನ ಟ್ಯಾಂಕಿನ ಪಾಚಿ ಹಿಡಿದ ಗೋಡೆ. ಜೂನ್ ತಿಂಗಳಲ್ಲಿ ನಮ್ಮ ಕೋಟದ ಕಡೆಯ ಮಳೆ ಅಂದರೆ ಕೇಳುವುದೇ ಬೇಡ. ಅದು ತಗಡಿನ ಮೇಲೆ ಬಡಿಯುವಾಗ ನವ್ಯಶ್ರೀ ಟೀಚರ್ 'ಎ ಫಾರ್ ಆಪಲ್' ಅಂದದ್ದು ಎದುರಿಗೆ ಕೂತ ಮಗುವಿಗೂ ಕೇಳುತ್ತಿರಲಿಲ್ಲ. ಟೀಚರ್ ಬಾಯಿ ತೆರೆದದ್ದು ಮಾತ್ರ ಕಾಣುತ್ತಿತ್ತು. ಮಕ್ಕಳೂ ಹಾಗೇ ಬಾಯಿ ತೆರೆದು ಮುಚ್ಚುತ್ತಿದ್ದವು. ಪಾಠ ಆಯಿತು ಅಂತ ಲೆಕ್ಕ.

ಹಾಗಾದರೆ ಆ ಶಾಲೆಯಲ್ಲಿ ಒಂದನೇ ಕ್ಲಾಸಿಗೆ ಕೋಣೆ ಇಲ್ಲವಾ? ಇದೆ ಮಾರಾಯ್ರೆ! ಶೆಡ್ಡಿನ ಎದುರಿಗೇ, ಅಂಗಳದ ಆಚೆ. ಹೆದ್ದಾರಿ ಬದಿಯಲ್ಲಿ ಲಾರಿಯಷ್ಟು ದೊಡ್ಡ ಫ್ಲೆಕ್ಸಿನಲ್ಲಿ ಹಾಕಿದ್ದು ಅದರದ್ದೇ ಫೋಟೊ. ಆ ಕೋಣೆಗೆ ಬೀಗ ಹಾಕಿತ್ತು, ಅಷ್ಟೆ.

ಕೋಣೆಯನ್ನು ಅಷ್ಟು ಚೆಂದ ಮಾಡಿದ್ದು ನವ್ಯಶ್ರೀಯೇ. ಬೇಸಗೆ ರಜೆ ಪೂರ್ತಿ ಅದಕ್ಕೇ ಸುರಿದಿದ್ದಳು. ಅವಳ ಗಂಡ ಚಂದ್ರ ಗಂಗೊಳ್ಳಿಯಿಂದ ಬೋಟಿಗೆ ಹೋಗುವವ. ಅವನನ್ನು ಕಾಡಿ ಬೇಡಿ ಹಳೇ ಬಲೆಯೊಂದನ್ನು ತರಿಸಿದಳು. ಸೋಪಿನ ನೀರಲ್ಲಿ ಅದ್ದಿ, ಬಿಸಿಲಿಗೆ ಹರವಿ, ವಾಸನೆ ಪೂರ್ತಿ ಹೋಗುವವರೆಗೆ ತೊಳೆದು, ಮಕ್ಕಳ ತಲೆಯ ಮೇಲೆ ಬರುವ ಹಾಗೆ ಕೋಣೆಯ ಮಾಡಿಗೆ ಕಟ್ಟಿದಳು. ಆ ಬಲೆಯಿಂದ ರಟ್ಟಿನ ಅಕ್ಷರಗಳು ನೇತಾಡುತ್ತಿದ್ದವು. ದೋಣಿಗೆ ಬಳಿದು ಉಳಿದ ನೀಲಿ ಬಣ್ಣದಲ್ಲಿ ಗೋಡೆಯ ಅರ್ಧಕ್ಕೆ ಕಡಲು ಬರೆದಳು. ಒಂದು ಬುಟ್ಟಿ ತುಂಬ ಚಿಪ್ಪು, ಒಂದೊಂದರ ಮೇಲೆ ಒಂದೊಂದು ಅಂಕಿ. ಬೆರಳಲ್ಲಿ ಬರೆದು ಅಳಿಸಲಿಕ್ಕೆ, ಜರಡಿ ಹಿಡಿದ ಮರಳು ತುಂಬಿದ ಅಗಲ ತಟ್ಟೆ. ಒಂದು ಮೂಲೆಯಲ್ಲಿ ಕೊಡುವ ಕೊಳ್ಳುವ ಆಟಕ್ಕೆ ತಕ್ಕಡಿ ಸಮೇತ ಅಂಗಡಿ. ಇನ್ನೊಂದು ಮೂಲೆಯಲ್ಲಿ ಚಾಪೆ, ಚಿತ್ರದ ಪುಸ್ತಕ. ಅಳು ಬಂದ ಮಗು ಒಂದೇ ಹೋಗಿ ಒರಗಿ ಕೂರಲಿ ಅಂತ ಅಲ್ಲೊಂದು ದಿಂಬನ್ನೂ ಹೊಲಿದು ಇಟ್ಟಿದ್ದಳು.

ಇಷ್ಟೆಲ್ಲ ಯಾಕೆ ಮಾಡಿದಳು? ಸಂಬಳಕ್ಕಾಗಿ ಯಾರೂ ಇಷ್ಟು ಮಾಡುವುದಿಲ್ಲ. ಅವಳ ಮಗ ಅಕ್ಷಯ್ ಈ ವರ್ಷ ಒಂದನೇ ಕ್ಲಾಸು. ಚಿಪ್ಪು ಹೆಕ್ಕುವಾಗೆಲ್ಲ ಇದು ಅವನ ಬೆರಳಿಗೆ ಹಿಡಿಯುತ್ತದೋ ಅಂತ ನೋಡಿಯೇ ಹೆಕ್ಕಿದ್ದಳು.

ಶಾಲೆಯ ಸಂಚಾಲಕರು ಶಾಮರಾಯರು. ಕೋಣೆ ನೋಡಿ ಅವರಿಗೆ ಕುಶಿಯೋ ಕುಶಿ. ಕುಂದಾಪುರದಿಂದ ಫೋಟೊದವನನ್ನು ಕರೆಸಿ ಸುತ್ತ ನಾಲ್ಕು ಬದಿಯಿಂದ ತೆಗೆಸಿದರು. ಆಮೇಲೆ ಬೀಗ ಜಡಿದು ಕೀಲಿಕೈಯನ್ನು ಜೇಬಿಗೆ ಹಾಕಿಕೊಂಡರು.

"ಅಡ್ಮಿಶನ್ ಮುಗಿಯೂವರೆಗೆ ಹೀಂಗೇ ಇರ್ಲಿ ಟೀಚರೇ. ಮಕ್ಕಳ ಕೈಗೆ ಸಿಕ್ಕಿದ್ರೆ ಒಂದು ವಾರ ಉಳೀತಾ ಇದು? ಅಲ್ಲಿವರೆಗೆ ಶೆಡ್ಡಲ್ಲಿ ಕೂರಿಸಿ."

"ಮಕ್ಕಳಿಗೇ ಅಲ್ವಾ ಸರ್ ಮಾಡಿದ್ದು?"

"ಮಕ್ಕಳಿಗೇ," ಅಂದರು ಶಾಮರಾಯರು. "ಬರುವ ಮಕ್ಕಳಿಗೆ."

ಅಲ್ಲಿಂದ ಶುರುವಾಯಿತು ನೋಡಿ ಆಟ. ಹೊಸ ತಂದೆತಾಯಿಗಳು ಶಾಲೆ ನೋಡಲಿಕ್ಕೆ ಬರುವ ದಿನ ಬೀಗ ತೆಗೆಯುವುದು. ಖಾಲಿ ಕೋಣೆ ತೋರಿಸಿದರೆ ಚೆಂದವಾ? ಅದಕ್ಕೆ ಹತ್ತು ಮಕ್ಕಳನ್ನು ತಂದು ಕೂರಿಸುವುದು. ಬಂದವರು ಹೋದ ಕೂಡಲೇ ಮಕ್ಕಳು ಶೆಡ್ಡಿಗೆ, ಕೋಣೆಗೆ ಬೀಗ. ಯಾವ ಹತ್ತು ಅಂತ ಹೆಕ್ಕುವ ಕೆಲಸ ನವ್ಯಶ್ರೀಯದು. ಯೂನಿಫಾರ್ಮು ಹೊಸತಿರಬೇಕು, ಮೂಗು ಸುರಿಯಬಾರದು, ಹೆಸರು ಕೇಳಿದರೆ ಇಂಗ್ಲಿಷಿನಲ್ಲಿ ಹೇಳಬೇಕು. ಎಲ್ಲಕ್ಕಿಂತ ಮೊದಲು, ಏನನ್ನೂ ಮುಟ್ಟಬಾರದು. ಕೈ ಹಿಂದೆ ಕಟ್ಟಿಕೊಂಡು ಒಳಗೆ ಬರುವುದು, ಕೂತಮೇಲೆ ಕೈ ತೊಡೆಯ ಮೇಲೆ. ಇದನ್ನು ಎಲ್ಲ ಮಕ್ಕಳಿಗೂ ಅವಳೇ ಶೆಡ್ಡಿನಲ್ಲಿ ಉರು ಹೊಡೆಸಿದಳು. ಅ ಆ ಇ ಈ ಕಲಿಯುವ ಮೊದಲು ಆ ಮಕ್ಕಳು ಕಲಿತದ್ದು ಮುಟ್ಟದೇ ಇರುವುದನ್ನು.

ಮೊದಲ ಸಲ ಅವಳು ಅಕ್ಷಯನನ್ನೂ ಹತ್ತರಲ್ಲಿ ಸೇರಿಸಿದ್ದಳು. ತಾಯಿಯಲ್ಲವಾ, ಆಸೆ. ಶಾಮರಾಯರು ಸಾಲು ನೋಡುತ್ತಾ ಬಂದವರು ಅವನ ಹತ್ತಿರ ನಿಂತರು. ಬೈಯಲಿಲ್ಲ, ಅವರು ಬೈಯುವ ಜನ ಅಲ್ಲ. ನವ್ಯಶ್ರೀಯನ್ನು ಬದಿಗೆ ಕರೆದು ಸಣ್ಣ ಸ್ವರದಲ್ಲಿ ಹೇಳಿದರು.

"ಮಗನ್ನ ಹಿಂದೆ ಕಳಿಸಿ ಟೀಚರ್. ತಪ್ಪು ತಿಳ್ಕೊಬೇಡಿ. ಮುಚ್ಚಿದ ಕೋಣೆ ಅಲ್ದಾ, ಸಣ್ಣಕ್ಕೆ ವಾಸ್ನೆ ಬರ್ತು. ಬರುವವರು ಎಂತೆಂಥವರು ಅಂತ ನಿಮಗೇ ಗೊತ್ತುಂಟು."

ಅವಳ ತಾಯಿ ಸೀತು ಮೀನು ಮಾರುವವಳು. ಒಂದೇ ಮನೆಯಲ್ಲಿ ವಾಸ. ಶಾಲೆಯಲ್ಲಿ ಎಲ್ಲರಿಗೂ ಗೊತ್ತಿದ್ದ ವಿಷಯವೇ. ನವ್ಯಶ್ರೀ "ಯೆಸ್ ಸರ್" ಅಂದಳು. ಹೌದು, ಹಾಗೇ ಅಂದಳು! ಮಗನ ಭುಜ ಹಿಡಿದು ಸಾಲಿನಿಂದ ಹೊರಗೆ ತೆಗೆದಳು. ಅವನು ಕೈ ಹಿಂದೆ ಕಟ್ಟಿಕೊಂಡೇ ಮಳೆಯಲ್ಲಿ ಶೆಡ್ಡಿಗೆ ಹೋದ.

ಆ ದಿನ ಸಂಜೆ ಮನೆಯಲ್ಲಿ ಅವಳು ಮಗನ ಅಂಗಿ ಮೂಗಿಗೆ ಹಿಡಿದುಕೊಂಡು ಕೂತಿದ್ದಳು. ಸೋಪಿನ ಪರಿಮಳ ಬಿಟ್ಟರೆ ಏನೂ ಇರಲಿಲ್ಲ.

"ಎಂತ ಹೆಣೆ, ಅಂಗಿ ಮೂಸ್ತಾ ಕೂಕಂಡಿದ್ದೆ?" ಅಂದಳು ಸೀತು.

"ವಾಸ್ನಿ ಬತ್ತಾ ಅಬ್ಬಿ, ಕಾಣ್ ಒಂಚೂರ್."

"ಎಂತ ವಾಸ್ನಿ? ಯಾರ್ ಹೇಳಿದ್ದ್?"

ನವ್ಯಶ್ರೀ ಹೇಳಿದಳು. ಸೀತು ಬುಟ್ಟಿ ತೊಳೆಯುತ್ತಿದ್ದವಳು ಎದ್ದು ನಿಂತಳು.

"ಈ ಬುಟ್ಟಿ ಹೊತ್ತೇ ನಿನ್ನ ಟೀಚರ್ ಮಾಡಿದ್ದ್ ನಾನ್! ಅವ್ರ್ ಗೋಡಿಗೆ ಬಳ್ದದ್ದ್ ನಮ್ ದೋಣಿ ಬಣ್ಣ. ಮಾಡಿಗೆ ಕಟ್ಟಿದ್ದ್ ನಮ್ ಬಲಿ. ಅದಕ್ಕೆಲ್ಲ ವಾಸ್ನಿ ಇಲ್ಲೆ, ನನ್ ಮೊಮ್ಮಗಂಗೆ ಮಾತ್ರ ಇತ್ತಾ? ನಾಳಿಂದ ನಮ್ಮೂರ್ ಶಾಲಿಗೇ ಕಳ್ಸ್ ಅವನ್ನ."

"ಟೀಸಿ ಕೊಡುದಿಲ್ಲೆ ಅಬ್ಬಿ."

ಗಂಟು ಬಿದ್ದದ್ದು ಅಲ್ಲಿಯೇ. ಅಕ್ಷಯ್ ಎಲ್‌ಕೆಜಿ ಸೇರುವಾಗ ಶಾಮರಾಯರು ಬಹಳ ಉದಾರವಾಗಿ, ನಿಮ್ಮ ಮಗನಿಗೆ ಫೀಸು ಬೇಡ, ಸಂಬಳ ಮಾತ್ರ ಸ್ವಲ್ಪ ಕಡಿಮೆ ಅಂದಿದ್ದರು. ಸ್ವಲ್ಪ ಅಂದದ್ದು ಎಷ್ಟು ಅಂತ ತಿಂಗಳು ಮುಗಿದ ಮೇಲೆ ಗೊತ್ತಾಯಿತು. ನಡುವೆ ಕೆಲಸ ಬಿಟ್ಟರೆ ಅಷ್ಟೂ ವರ್ಷದ ಫೀಸು ಒಟ್ಟಿಗೆ ಕಟ್ಟಬೇಕು, ಆಮೇಲೆಯೇ ಮಗನ ಟೀಸಿ. ಟೀಸಿ ಇಲ್ಲದೆ ಬೇರೆ ಶಾಲೆಗೆ ಹೋದರೆ ಮುಂದೆ ತೊಂದರೆ ಆಗುತ್ತದೆ ಅಂತ ಅವರೇ ಹೆದರಿಸಿಯೂ ಇದ್ದರು. ಮಳೆಗಾಲಕ್ಕೆ ಬೋಟುಗಳೆಲ್ಲ ದಡಕ್ಕೆ ಬಂದಿದ್ದವು. ಚಂದ್ರ ಜಗಲಿಯಲ್ಲಿ ಬಲೆ ಹೆಣೆಯುತ್ತಾ ಎಲ್ಲವನ್ನೂ ಕೇಳಿಸಿಕೊಂಡ.

"ಎರಡ್ ತಿಂಗ್ಳ್ ತಡ್ಕ," ಅಂದ. "ಬೋಟ್ ಕಡ್ಲಿಗ್ ಇಳೀಲಿ. ಮತ್ತೆ ಕಾಂಬ."

"ಹೋದ್ವರ್ಷವೂ ಇದೇ ಹೇಳಿದ್ರಿ," ಅಂದಳು ನವ್ಯಶ್ರೀ. ಅವನು ಬಲೆಯ ಇನ್ನೊಂದು ಕಣ್ಣಿಗೆ ದಾರ ಹಾಕಿದ. ಪಾಪ, ಅವನದ್ದಾದರೂ ಏನು ತಪ್ಪು.

ಅಷ್ಟರ ಮೇಲೆ ಅವಳು ಅಕ್ಷಯನನ್ನು ಸಾಲಿಗೆ ನಿಲ್ಲಿಸಲೇ ಇಲ್ಲ. ಪ್ರತಿ ಸಲ ಹೆಕ್ಕುವಾಗ ಅವನು ಬೆನ್ನು ನೆಟ್ಟಗೆ ಮಾಡಿ ಕೂರುತ್ತಿದ್ದ. ಅವಳು ಅವನ ಆಚೆಗಿನ ಮಗುವಿನ ಹೆಸರು ಕರೆಯುತ್ತಿದ್ದಳು.

ಸುಳ್ಳು ಹೇಳುವುದೂ ಅವಳ ಕೆಲಸದಲ್ಲಿ ಸೇರಿಹೋಗಿತ್ತು. ಗೇರುಬೀಜದ ಕಾರ್ಖಾನೆಯ ಸರಸ ಒಬ್ಬಳಿದ್ದಳು. ಗೇರುಸಿಪ್ಪೆಯ ಎಣ್ಣೆ ತಾಗಿ ಕೈಯೆಲ್ಲ ಕಪ್ಪು, ಬೆರಳ ತುದಿ ಸುಲಿದಿತ್ತು. ಹೆದ್ದಾರಿಯ ಫ್ಲೆಕ್ಸ್ ನೋಡಿ ಮರುಳಾಗಿ, ಸಂಘದಲ್ಲಿ ಸಾಲ ಎತ್ತಿ ಮಗಳನ್ನು ಸೇರಿಸಿದವಳು. ಗೇಟಿನ ಹತ್ತಿರ ಸಿಕ್ಕಿದಾಗೆಲ್ಲ ಕೇಳುತ್ತಿದ್ದಳು.

"ಟೀಚರೇ, ನಮ್ ಹೆಣ್ ಆ ಬಲಿ ಕೆಳ್ಗೇ ಕೂಕಂತಾ? ಶೆಡ್ ಶೆಡ್ ಅಂತ್ ಹೇಳತ್ತಲೆ ಮನಿಗ್ ಬಂದ್?"

"ಅದ್ ಆಟಕ್ ಬಿಡು ಜಾಗ ಸರಸಕ್ಕ," ಅನ್ನುತ್ತಿದ್ದಳು ನವ್ಯಶ್ರೀ. ಸರಸ ನಂಬಿ, ನಕ್ಕು ಹೋಗುತ್ತಿದ್ದಳು.

ಆ ಶನಿವಾರ ಬೆಳಿಗ್ಗೆಯೇ ಕತ್ತಲೆ ಕವಿದಂಥ ಮಳೆ. ಆದರೂ ಕಾರುಗಳ ಮೇಲೆ ಕಾರು. ಮುಂಬೈಯಲ್ಲಿ ಹೋಟೆಲು ಇಟ್ಟು ಊರಿಗೆ ಮರಳಿದವರು, ಉಡುಪಿಯ ಡಾಕ್ಟರು, ಹೀಗೆ ದೊಡ್ಡ ದೊಡ್ಡ ಜನ. ಬೀಗ ತೆರೆಯಿತು. ಹತ್ತು ಮಕ್ಕಳು ಬಲೆಯ ಕೆಳಗೆ ಕೂತವು. ಉಳಿದ ಮಕ್ಕಳನ್ನು ಶೆಡ್ಡಿನಲ್ಲಿ ಜವಾನ ಮುತ್ತ ಕಾಯುತ್ತಿದ್ದ.

ಸಾಲಿಗ್ರಾಮದ ಭಟ್ಟರ ಮನೆಯ ಮಗು ತನ್ವಿ ಮರಳಿನ ತಟ್ಟೆಯ ಹತ್ತಿರವೇ ಕೂತಿತ್ತು. ಎಷ್ಟು ಹೊತ್ತು ಅಂತ ಸುಮ್ಮನಿರುತ್ತದೆ ಆರು ವರ್ಷದ ಜೀವ? ಮೆಲ್ಲ ಬೆರಳು ಚಾಚಿ ಮರಳಿನಲ್ಲಿ ಒಂದು ಗೆರೆ ಎಳೆಯಿತು. ನವ್ಯಶ್ರೀ ಬಗ್ಗಿ ಆ ಬೆರಳಿಗೆ ಫಟ್ಟನೆ ಒಂದು ಕೊಟ್ಟಳು. ತನ್ವಿಯ ಕಣ್ಣು ತುಂಬಿತು. ಆದರೆ ಅಳಲಿಲ್ಲ, ಕೈ ತೊಡೆಯ ಮೇಲೆ ಹಾಕಿಕೊಂಡಿತು.

ಪೆಟ್ಟು ಯಾರಿಗೂ ಕಾಣಲಿಲ್ಲ. ಬಾಗಿಲಲ್ಲಿ ನಿಂತ ಹೆಂಗಸೊಬ್ಬಳು ಗಂಡನಿಗೆ ಹೇಳಿದಳು, "ಎಷ್ಟು ಡಿಸಿಪ್ಲಿನ್ ನೋಡಿ! ನಮ್ಮವನಿಗೆ ಇಂಥ ಶಾಲೆಯೇ ಬೇಕು."

ಶಾಮರಾಯರ ಮುಖ ಅರಳಿತು. ನವ್ಯಶ್ರೀಗೆ ತನ್ನ ಕೈ ತನ್ನದೇ ಅಲ್ಲ ಅನ್ನಿಸಿತು. ನಾಚಿಕೆ ಆಯಿತು ಅವಳಿಗೆ, ಸಾಯುವಷ್ಟು ನಾಚಿಕೆ.

ಆಗಲೇ ಮುತ್ತ ಓಡಿ ಬಂದ.

"ಟೀಚರೇ, ಶೆಡ್ಡಿಗೆ ನೀರ್ ನುಗ್ಗಿತ್ತ್! ಮಕ್ಕಳ್ ಬೆಂಚ್ ಮೇಲ್ ನಿಂತಿದ್ದೊ!"

"ಶ್ಶ್," ಅಂದರು ಶಾಮರಾಯರು. "ಹತ್ತು ನಿಮಿಷ ಸುಧಾರಿಸು ಮಾರಾಯ."

ಹತ್ತು ನಿಮಿಷ ಸುಧಾರಿಸುವ ಮಳೆಯಾ ಅದು! ಅಷ್ಟರಲ್ಲಿ ಗೇಟಿನಿಂದ ಸರಸ ಬಂದಳು. ಮಳೆ ನೋಡಿ ಹೆದರಿ, ಮಕ್ಕಳನ್ನು ಬೇಗ ಕರೆದುಕೊಂಡು ಹೋಗುವ ಅಂತ ಏಳೆಂಟು ತಾಯಂದಿರು ಒಟ್ಟಿಗೆ ಬಂದಿದ್ದರು. ಸೀತುವೂ ಮೊಮ್ಮಗನಿಗೆ ಕೊಡೆ ಹಿಡಿದು ಬಂದಿದ್ದಳು. ಶೆಡ್ಡಿನಲ್ಲಿ ಕಂಡದ್ದನ್ನು ಕಂಡರು. ಕೆಸರು ನೀರಿನ ನಡುವೆ ಬೆಂಚು, ಬೆಂಚಿನ ಮೇಲೆ ಚೀಲ ತಬ್ಬಿಕೊಂಡು ನಿಂತ ಮಕ್ಕಳು, ಗೋಡೆಗೆ ಒರಗಿಸಿದ ಕರಿಹಲಗೆಯ ಮೇಲೆ ನಿನ್ನೆಯ, ಮೊನ್ನೆಯ, ಆಚೆ ವಾರದ ಪಾಠ. ಆಟಕ್ಕೆ ಬಿಡುವ ಜಾಗದಲ್ಲಿ ಕರಿಹಲಗೆ ಯಾಕೆ ಅಂತ ಗೇರುಬೀಜ ಒಡೆಯುವವಳಿಗೂ ಗೊತ್ತಾಗುತ್ತದೆ.

ಅವರು ಮಕ್ಕಳನ್ನು ಎತ್ತಿಕೊಂಡು, ಕೈ ಹಿಡಿದುಕೊಂಡು, ನೀರು ಸುರಿಸುತ್ತಾ ನೇರ ಕೋಣೆಯ ಬಾಗಿಲಿಗೇ ಬಂದರು. ಕಾರಿನ ಜನ ಸೀರೆ ಎತ್ತಿಕೊಂಡು ಬದಿಗೆ ಸರಿದರು.

"ಹ್ವಾಯ್ ರಾಯ್ರೇ," ಅಂದಳು ಸರಸ. "ಇದೆಂತ ಇದ್? ನಾವ್ ದುಡ್ಡ್ ಕೊಟ್ಟದ್ದ್ ಈ ಕೋಣಿಗೋ, ಆ ದನಿನ ಹಟ್ಟಿಗೋ?"

ಶಾಮರಾಯರು ಗಾಬರಿಯಾಗಲಿಲ್ಲ. ಬಂದವರ ಕಡೆಗೆ ತಿರುಗಿ ನಕ್ಕರು. "ಇವತ್ತು ರಶ್ ಅಂತ ಒಂದು ದಿನದ ಮಟ್ಟಿಗೆ ಆಚೆ ಕೂರಿಸಿದ್ದು. ದಿನಾ ಪಾಠ ಆಗೂದು ಇಲ್ಲೇ. ನನ್ನ ಮಾತು ಬೇಡ, ಟೀಚರನ್ನೇ ಕೇಳಿ. ಅವರ ಮಗನೂ ಇದೇ ಕ್ಲಾಸು." ಆಮೇಲೆ ಅವಳ ಕಡೆಗೆ ನೋಡಿದರು. "ಹೇಳಿ ಟೀಚರ್. ನಿಮ್ಮ ಮಗನೂ ಇಲ್ಲೇ ಅಲ್ವಾ ಓದೂದು? ಮುಂದೆಯೂ ಇಲ್ಲೇ ಓದ್ಬೇಕಲ್ವಾ?"

ಎಲ್ಲರೂ ಅವಳನ್ನು ನೋಡಿದರು. 'ಯೆಸ್ ಸರ್' ಅನ್ನುವುದು ನಾಲಿಗೆಯ ತುದಿಗೆ ಬಂದೇ ಇತ್ತು. ಅಷ್ಟು ಅಭ್ಯಾಸ. ಅದನ್ನು ಅಂದರೆ ಮಗನ ಸೀಟು ಉಳಿಯುತ್ತದೆ, ಮಳೆಗಾಲದ ಅನ್ನ ಉಳಿಯುತ್ತದೆ. ಎದುರಿಗೆ ತನ್ವಿ ಕೆಂಪಾದ ಬೆರಳನ್ನು ಮುಚ್ಚಿಕೊಂಡು ಕೂತಿತ್ತು. ಬಾಗಿಲ ಹತ್ತಿರ ಅಜ್ಜಿಯ ಕೊಡೆಯ ಕೆಳಗೆ ಅಕ್ಷಯ್. ಅವನು ತಾಯಿಯನ್ನು ನೋಡುತ್ತಿರಲಿಲ್ಲ. ಬಾಯಿ ತೆರೆದು ಮೇಲೆ ನೇತಾಡುವ ಅಕ್ಷರಗಳನ್ನು ನೋಡುತ್ತಿದ್ದ.

"ಇಲ್ಲ ಸರ್," ಅಂದಳು ನವ್ಯಶ್ರೀ.

"ಟೀಚರ್!"

"ಇಲ್ಲೆ ಸರಸಕ್ಕ. ಒಂದ್ ದಿನವೂ ಇಲ್ಲಿ ಪಾಠ ಆಯ್ಲಿಲ್ಲ. ಶಾಲಿ ಶುರುವಾದಲ್ಲಿಂದ ಮಕ್ಕಳ್ ಶೆಡ್ಡಂಗೇ ಕೂಕಂಬುದ್. ಇದ್ ಬಂದವ್ರಿಗೆ ತೋರ್ಸುಕೆ ಮಾಡಿದ್ ಕ್ಲಾಸ್. ನಿಮ್ಗ್ ನಾನೇ ಸುಳ್ಳ್ ಹೇಳಿದ್ದೆ."

ಡಿಸಿಪ್ಲಿನ್ ಹೊಗಳಿದ ಹೆಂಗಸು ಗಂಡನ ಕೈ ಹಿಡಿದು ಮೆಟ್ಟಲಿಳಿದಳು. ಶಾಮರಾಯರ ನಗು ಹೋಯಿತು.

"ಬಹಳ ಸಂತೋಷ," ಅಂದರು ಹಲ್ಲು ಕಚ್ಚಿ. "ಸೋಮವಾರದಿಂದ ಬರೂದು ಬೇಡ. ಮಗನ ಟೀಸಿ ಹೇಗೆ ತಗೊಂಡು ಹೋಗ್ತೀರಿ ಅಂತ ನಾನೂ ನೋಡ್ತೆ."

"ಅವಳ್ ಮಗನ್ ಟೀಸಿ ಒಂದೇ ಎಂತಕೆ?" ಸರಸ ಮುಂದೆ ಬಂದಳು. "ನಮ್ ಮಕ್ಕಳ್ದೂ ತೆಗ್ದ್ ಕೊಡಿ. ಎಲ್ಲರ್ದೂ ಒಟ್ಟಿಗ್ ತೆಗೀನಿ. ಎಷ್ಟ್ ಜನಕ್ಕ್ ಕೊಡುದಿಲ್ಲ ಅಂತ್ರಿ, ನಾವೂ ಕಾಂತ್."

"ಅದ್ ಸಿಕ್ಕುವರೆಗೆ ನಾವ್ ಇಲ್ಲೇ," ಅಂದಳು ಸೀತು. ಕೊಡೆ ಮಡಚಿ ಹೊಸ್ತಿಲ ಬದಿಗೆ ಒರಗಿಸಿ, ನೆಲದ ಮೇಲೆ ಗಟ್ಟಿಯಾಗಿ ಕೂತೇ ಬಿಟ್ಟಳು. ಉಳಿದ ಹೆಂಗಸರೂ ಒಬ್ಬೊಬ್ಬರೇ ಕೂತರು. ಒದ್ದೆ ಸೀರೆಗಳ ನೀರು ಹರಿದು ಒಳಗಿನ ಹೊಸ ಚಾಪೆಗೆ ಮುಟ್ಟಿತು. ಶಾಮರಾಯರು ಫೋನು ಕಿವಿಗೆ ಹಿಡಿದು ಆಫೀಸಿನ ಕಡೆಗೆ ಹೋದರು. ಪೊಲೀಸಿಗೋ, ಮತ್ಯಾರಿಗೋ.

ಸರಸ ಬಾಗಿಲನ್ನು ಪೂರ್ತಿ ತಳ್ಳಿದಳು. "ಹೋಯ್ನಿ ಮಕ್ಕಳೇ ಒಳ್ಗೆ! ನಿಮ್ದೇ ಕ್ಲಾಸ್ ಇದ್."

ಒಂದು ಮಗುವೂ ಕಾಲು ಎತ್ತಲಿಲ್ಲ.

ಯಾರೂ ಹೇಳಿಕೊಡದೆ ಅವು ಹೊಸ್ತಿಲ ಹೊರಗೆ ಸಾಲು ಕಟ್ಟಿದವು. ಎಲ್ಲದರ ಕೈಯೂ ಬೆನ್ನ ಹಿಂದೆ. ಸರಸ ಮಗಳ ಕೈ ಹಿಡಿದು ಎಳೆದಳು, ಆ ಮಗು ಗೋಡೆಗೆ ಅಂಟಿಕೊಂಡು ಬೇಡ ಬೇಡ ಅಂತ ತಲೆಯಾಡಿಸಿತು.

"ಬನ್ನಿ, ಬನ್ನಿ," ಅಂತ ನವ್ಯಶ್ರೀ ಕರೆದಳು. ಮರಳಿನ ತಟ್ಟೆ ಎತ್ತಿ ತಂದು ಹೊಸ್ತಿಲಲ್ಲಿ ಇಟ್ಟಳು. ತಾನೇ ಕೈ ಹಾಕಿ ಕಲಸಿ ತೋರಿಸಿದಳು. "ಕಾಣಿ, ಮುಟ್ಲಕ್. ಎಲ್ಲ ಮುಟ್ಲಕ್, ಯಾರೂ ಬೈಯುದಿಲ್ಲೆ. ಬನ್ನಿ ಮಕ್ಕಳೇ." ಅವಳ ಕಣ್ಣಿಂದ ನೀರು ಸುರಿಯುತ್ತಿತ್ತು. ಮಕ್ಕಳು ಮರಳನ್ನೂ ಅವಳ ಮುಖವನ್ನೂ ನೋಡುತ್ತಾ ಹಾಗೆಯೇ ನಿಂತವು.

ಸಾಲಿನ ಕೊನೆಯಲ್ಲಿ ಅಕ್ಷಯ್ ಇದ್ದ. ಶಾಲೆಯಲ್ಲಿ ಅವನು ಅಮ್ಮ ಅನ್ನುವ ಹಾಗಿರಲಿಲ್ಲ. ಬೆನ್ನು ನೆಟ್ಟಗೆ ಮಾಡಿ, ಕೈ ಬಿಡದೆ, ಮೆಲ್ಲ ಕೇಳಿದ.

"ಮಿಸ್, ಇವತ್ತ್ ನನ್ನನ್ನೂ ಹೆಕ್ಕಿದ್ರಾ?"