ಖಾಲಿ ತೂಕ

ಓರ್ಲಿನ್‌ನನ್ನು ಮದುವೆಯಾಗಿ ನಲವತ್ತೊಂದು ವರ್ಷವಾಯಿತು. ಅದರಲ್ಲಿ ಇಪ್ಪತ್ತೆರಡು ವರ್ಷ ನಾನು ನಮ್ಮೂರಿನ ಧಾನ್ಯದ ಗೋದಾಮಿನ ವೇಬ್ರಿಡ್ಜ್‌ನಲ್ಲಿ ಕೂತು ಗೋಧಿ ಲಾರಿಗಳನ್ನು ತೂಗಿದವಳು. ಅಮೆರಿಕದ ಡಕೋಟಾದ ನಮ್ಮ ಕಡೆ ತೂಕದ ವಿಷಯಕ್ಕೆ ನನ್ನ ಮಾತನ್ನು ಎಲ್ಲರೂ ಕೇಳುತ್ತಿದ್ದರು, ಗಂಡನೊಬ್ಬನನ್ನು ಬಿಟ್ಟು.

ಕಳೆದ ಮೇ ತಿಂಗಳಲ್ಲಿ ಅವನು ನನಗೊಂದು ಮಾತೂ ಹೇಳದೆ ಟ್ರೇಲರ್ ಕೊಂಡುತಂದ. ಹಾಸಿಗೆ, ಒಲೆ, ಕಕ್ಕಸು ಎಲ್ಲ ಇದ್ದ ಇಪ್ಪತ್ತೆಂಟು ಅಡಿಯ ಬಿಳಿ ಡಬ್ಬ. ಬಿಗ್‌ಹಾರ್ನ್ ಬೆಟ್ಟದಾಚೆ ಇರುವ ನನ್ನ ತಂಗಿ ವರ್ನಾಳ ಮನೆಗೆ ಅದರಲ್ಲೇ ಹೋಗಬೇಕಂತೆ.

"ನಮ್ಮ ಪಿಕಪ್ ಏಳೂವರೆ ಸಾವಿರ ಪೌಂಡ್ ಎಳೆಯುತ್ತೆ. ಇದಿರೋದು ಆರು ಸಾವಿರದ ನೂರು. ಆರಾಮಾಗಿ ಹೋಗ್ಬಹುದು ಅಂತ ಅಂಗಡಿಯವನೇ ಹೇಳ್ದ," ಅಂದ.

"ಅದು ಖಾಲಿ ತೂಕ ಕಣೋ. ನೀರು, ಗ್ಯಾಸು, ಸಾಮಾನು ಎಲ್ಲ ಅವನ ತಲೆ ಮೇಲೆ ಇಟ್ಕೊಂಡು ಹೋಗ್ತೀಯಾ? ಒಂದ್ಸಲ ತೂಗ್ಸೋಣ."

"ನೀನು ರಿಟೈರ್ ಆಗಿ ಮೂರು ವರ್ಷ ಆಯ್ತು, ಅರ್ಡೆಲ್. ಸಾಕು ಬಿಡೇ."

ಜೂನ್‌ನಲ್ಲಿ ಹೊರಟೆವು. ಹೊರಡುವ ದಿನ ಅವನು ಟ್ರೇಲರಿನ ನಲವತ್ತಾರು ಗ್ಯಾಲನ್ ನೀರಿನ ಟ್ಯಾಂಕನ್ನು ತುಂಬಿಸಿದ. "ನಮ್ಮ ಬಾವಿ ನೀರಿನ ರುಚಿ ಅಲ್ಲೆಲ್ಲಿ ಸಿಗುತ್ತೆ?" ಎಂಬುದು ಅವನ ವಾದ. ಜೊತೆಗೆ ಜನರೇಟರು, ಎರಡು ಪೆಟ್ಟಿಗೆ ಸಲಕರಣೆ. ಅವನು ಏರಿಸಿದ್ದನ್ನೆಲ್ಲ ಮನಸ್ಸಲ್ಲೇ ಕೂಡುತ್ತಾ ಕೂತೆ.

ವಯೋಮಿಂಗ್ ಗಡಿ ದಾಟಿದ ಮೇಲೆ ದೊಡ್ಡ ಲಾರಿಯೊಂದು ಪಕ್ಕದಲ್ಲಿ ಹಾದುಹೋಯಿತು. ಅದರ ಗಾಳಿಗೆ ಟ್ರೇಲರಿನ ಹಿಂಭಾಗ ಎಡಕ್ಕೆ ತೂಗಿತು, ಬಲಕ್ಕೆ ತೂಗಿತು, ಆಮೇಲೆ ನಮ್ಮ ಪಿಕಪ್ಪನ್ನೇ ಅಲ್ಲಾಡಿಸತೊಡಗಿತು. ಓರ್ಲಿನ್ ಸ್ಟಿಯರಿಂಗನ್ನು ಅವುಚಿ ಹಿಡಿದಿದ್ದ. ಕೊನೆಗೂ ರಸ್ತೆ ಬದಿಯ ಹುಲ್ಲಿನ ಮೇಲೆ ನಿಂತಾಗ ಹಳ್ಳಕ್ಕೆ ಒಂದು ಗೇಣು ಬಾಕಿಯಿತ್ತು.

ಮುಂದಿನ ಊರಿನಲ್ಲಿ ಧಾನ್ಯದ ಗೋದಾಮು ಕಂಡಿತು. "ಒಳಗೆ ತಿರುಗ್ಸು," ಅಂದೆ. ತಿರುಗಿಸಿದ.

ಅಲ್ಲಿ ತೂಕ ನೋಡುವವನು ರೂಡಿ ಎಂಬ ದಪ್ಪ ಮೀಸೆಯವನು. ಟ್ರೇಲರನ್ನು ಬಿಡಿಸಿ ತೂಗಿದ. ಏಳು ಸಾವಿರದ ಒಂಬೈನೂರ ನಲವತ್ತು.

"ನೋಡ್ದ್ಯಾ?" ಅಂದೆ. ಮೇ ತಿಂಗಳಿಂದ ಕಾದಿದ್ದ ಮಾತು!

"ಅಷ್ಟೇ ಅಲ್ಲಮ್ಮ," ಅಂದ ರೂಡಿ. "ಮುಂದೆ ಪಿಕಪ್ಪಿಗೆ ಸಿಕ್ಕಿಸೋ ಕೊಕ್ಕೆ ಮೇಲೆ ಭಾರಾನೇ ಇಲ್ಲ, ಎಲ್ಲ ಹಿಂದಕ್ಕೆ ಕೂತಿದೆ. ಹೀಗಿದ್ರೆ ಬಾಲ ಆಡ್ದೇ ಇರುತ್ತಾ? ಹಿಂದ್ಗಡೆ ಏನು ತುಂಬಿದೀರಿ?"

ಹಿಂದುಗಡೆ ಇದ್ದದ್ದು ಅಡುಗೆ ಬೀರು. ವರ್ನಾಳಿಗೆಂದು ಅದರಲ್ಲಿ ಎಪ್ಪತ್ತೆರಡು ಗಾಜಿನ ಬಾಟಲಿ ತುಂಬಿದವಳು ನಾನು. ಸೌತೆಕಾಯಿ ಉಪ್ಪಿನಕಾಯಿ, ಬೀಟ್‌ರೂಟು, ಕಾಡುಚೆರ್ರಿಯ ಜೆಲ್ಲಿ. ಅದರ ಪಕ್ಕದಲ್ಲಿ ಅಮ್ಮನ ಕಬ್ಬಿಣದ ಹೊಲಿಗೆ ಯಂತ್ರ. ಜಗತ್ತಿನ ಲಾರಿಗಳನ್ನೆಲ್ಲ ತೂಗಿದವಳಿಗೆ ಇದನ್ನು ಲೆಕ್ಕ ಹಿಡಿಯಬೇಕೆಂದು ಹೊಳೆದೇ ಇರಲಿಲ್ಲ.

ಓರ್ಲಿನ್ ಬೀರು ತೆರೆದು ನೋಡಿದ. "ಏನಮ್ಮಾ ತೂಕದ ಮೇಡಂ," ಅಂದ. ಅಷ್ಟೇ. ಬೈದಿದ್ದರೂ ಚೆನ್ನಾಗಿರುತ್ತಿತ್ತು.

ಟ್ಯಾಂಕಿನ ನೀರು ಬಿಟ್ಟೆವು. ಜನರೇಟರು, ಸಲಕರಣೆ, ಹೊಲಿಗೆ ಯಂತ್ರ, ಅರ್ಧದಷ್ಟು ಬಾಟಲಿ ರೂಡಿಯ ಕೊಠಡಿಗೆ ಹೋದವು. ಉಳಿದವನ್ನು ಮುಂದಕ್ಕೆ ಜೋಡಿಸಿದೆವು. ಏಳು ಸಾವಿರದೊಳಗೆ ಬರುವ ಹೊತ್ತಿಗೆ ಮಧ್ಯಾಹ್ನ ಜಾರಿತ್ತು, ನನ್ನ ಸೊಂಟ ಬಿದ್ದುಹೋಗಿತ್ತು.

ಬಿಗ್‌ಹಾರ್ನ್ ಏರಿನಲ್ಲಿ ಪಿಕಪ್ ಏದುಸಿರು ಬಿಡುತ್ತಾ ಹತ್ತಿತು. ಹಿಂದೆ ಹದಿನೈದು ಕಾರುಗಳ ಸಾಲು, ಹಾರ್ನ್ ಮೇಲೆ ಹಾರ್ನ್. ನೆತ್ತಿಯಲ್ಲಿ ಓರ್ಲಿನ್ ಗಾಡಿ ನಿಲ್ಲಿಸಿದ.

"ಇಳಿಜಾರಲ್ಲಿ ನೀನೇ ಓಡ್ಸು. ನಂಗೆ ಹೆದ್ರಿಕೆ ಕಣೇ."

ನಲವತ್ತೊಂದು ವರ್ಷದಲ್ಲಿ ಆ ಮಾತನ್ನು ಅವನ ಬಾಯಲ್ಲಿ ಮೊದಲ ಸಲ ಕೇಳಿದೆ. ಕೋಪವೆಲ್ಲ ಕರಗಿತು. ಕೀಲಿಕೈ ತೆಗೆದುಕೊಂಡು, ಕೆಳಗಿನ ಗೇರಿಗೆ ಹಾಕಿ, ನಿಧಾನವಾಗಿ ಇಳಿಸತೊಡಗಿದೆ.

ಮೊದಲ ತಿರುವು ದಾಟಿದ್ದೇ ತಡ, ಪಕ್ಕದಿಂದ ಶುರುವಾಯಿತು.

"ಬ್ರೇಕ್ ಹಿಡಿ. ಅಷ್ಟೊಂದಲ್ಲ. ಬಿಡು. ಬಿಡೇ! ಕನ್ನಡಿ ನೋಡು, ಅರ್ಡೆಲ್, ಕನ್ನಡಿ!"

ಕೆಳಗೆ ಸಪಾಟು ನೆಲ ಮುಟ್ಟುವವರೆಗೂ ಅವನು ಬಾಯಿ ಮುಚ್ಚಲಿಲ್ಲ.