ಬೆಸುಗೆ ಮುಗಿದ ಮೇಲಿನ ಮರಿಸ್ವಾಮಿ

ಕೆಲಸ ಮುಗಿದೊಡನೆ ಎದ್ದು ಹೊರಡುವವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಮುಗಿಯುವ ಮುನ್ನವೇ ಹೊರಡುವವರನ್ನಂತೂ ಸರ್ಕಾರಿ ಶಾಲೆಯ ಮೇಷ್ಟರಾಗಿ ದಿನವೂ ಕಂಡಿದ್ದೇನೆ, ಅವರಲ್ಲಿ ನಾನೂ ಒಬ್ಬ. ಆದರೆ ಕೆಲಸ ಮುಗಿದ ಮೇಲೆ ಅಲ್ಲೇ ಕೂತುಬಿಡುವ ಮನುಷ್ಯನೆಂದು ನಾನು ಕಂಡದ್ದು ಒಬ್ಬನನ್ನೇ, ಪಾಂಡವಪುರದ ವೆಲ್ಡಿಂಗ್ ಮರಿಸ್ವಾಮಿಯನ್ನು. ಕೊನೆಯ ಬೆಸುಗೆ ಹಾಕಿ, ವೈರು ಸುತ್ತಿಟ್ಟು, ಇನ್ನೇನು ಹೊರಟ ಎಂದು ಮನೆಯವರು ನಿಟ್ಟುಸಿರು ಬಿಡುವ ಹೊತ್ತಿಗೆ ಅವನು ಒಂದು ಬಕೆಟ್ಟು ನೀರನ್ನು ಪಕ್ಕಕ್ಕೆಳೆದುಕೊಂಡು ಗೋಡೆಗೊರಗಿ ಕೂರುತ್ತಿದ್ದ. ಸೊಂಟದ ಚೀಲ ಬಿಚ್ಚಿ, ಎಲೆಗೆ ಸುಣ್ಣ ಸವರಿ, ಅಡಿಕೆಯೊಂದಿಗೆ ಬಾಯಿಗಿಟ್ಟು, ತಾನು ಬೆಸೆದ ಕಬ್ಬಿಣವನ್ನಲ್ಲ, ಅದರ ಸುತ್ತಲಿನ ಕಸಕಡ್ಡಿಯನ್ನು ನೋಡುತ್ತ ಮೆಲ್ಲನೆ ಅಗಿಯುತ್ತಿದ್ದ. ಅದು ಮುಗಿದರೆ ಇನ್ನೊಂದು ಎಲೆ. ಹಾರಿದ ಕಿಡಿ ಕಣ್ಣಿಗೆ ಕಾಣದ ಸಂದಿಯಲ್ಲಿ ಅವಿತು, ಎಲ್ಲರೂ ಬಾಗಿಲು ಹಾಕಿಕೊಂಡು ಹೋದ ಮೇಲೆ ಹೊತ್ತಿಕೊಳ್ಳುತ್ತದೆ ಎಂಬುದು ಅವನ ಸಿದ್ಧಾಂತ. ಎರಡನೆಯ ಎಲೆ ಮುಗಿದ ಮೇಲೆ ಎದ್ದು, ಮೂಲೆಮೂಲೆಗೂ ಅಂಗೈ ಇಟ್ಟು ನೋಡಿ, ಆಮೇಲೆ ಹೊರಡುತ್ತಿದ್ದ.

ನೋಡಲು ಅಂಥ ಲಕ್ಷಣವಂತನೇನಲ್ಲ. ವೆಲ್ಡಿಂಗಿನ ಭಾರದ ಪೆಟ್ಟಿಗೆಯನ್ನು ಒಂದೇ ಕೈಯಲ್ಲಿ ಹೊತ್ತು ಹೊತ್ತು ದೇಹ ಎಡಕ್ಕೆ ವಾಲಿತ್ತು. ಬರಿಗೈಯಲ್ಲಿ ನಡೆಯುವಾಗಲೂ ಪೆಟ್ಟಿಗೆ ಹಿಡಿದವನಂತೆಯೇ ನಡೆಯುತ್ತಿದ್ದ. ಮಿಲಿಟರಿಯಲ್ಲಿದ್ದ ಅಣ್ಣ ಕೊಟ್ಟ ಉಣ್ಣೆಯ ಕೋಟೊಂದನ್ನು ಏಪ್ರಿಲ್ ಬಿಸಿಲಿನಲ್ಲೂ ಕಳಚುತ್ತಿರಲಿಲ್ಲ. ಅದರ ಮೈತುಂಬ ಅಡಿಕೆ ಗಾತ್ರದ ಕರಿ ತೂತುಗಳು. ಟೆರಿಲಿನ್ ಅಂಗಿಯಾದರೆ ಕಿಡಿ ಬಿದ್ದಾಗ ಕರಗಿ ಚರ್ಮಕ್ಕೇ ಅಂಟುತ್ತದೆ, ಉಣ್ಣೆಯಾದರೆ ಬಿದ್ದಲ್ಲೇ ಕರಿದಾಗಿ ನಿಲ್ಲುತ್ತದೆ ಎಂದು ಅವನು ಕೇಳದವರಿಗೂ ವಿವರಿಸುತ್ತಿದ್ದ. ವಿನಯ ಅವನ ಹತ್ತಿರ ಸುಳಿದಿರಲಿಲ್ಲ. ನಮ್ಮ ಮನೆಯ ಗೇಟು ಬೆಸೆಯಲು ಬಂದವನು ಕಿಟಕಿಯ ಪರದೆ ಬಿಚ್ಚಿಸಿದ, ನಾರಿನ ಕಾಲೊರಸು ತೆಗೆಸಿದ, ನನ್ನ ಹಳೇ ಪತ್ರಿಕೆಗಳ ಕಟ್ಟುಗಳನ್ನೆಲ್ಲ ನನ್ನಿಂದಲೇ ಹಿತ್ತಿಲಿಗೆ ಹೊರಿಸಿದ, ಕೊನೆಗೆ ಗೇಟಿನ ಮುಂದೆ ಕೂತುಕೊಂಡು ಊಟಕ್ಕೇನು ಸಾರು ಎಂದು ಕೇಳಿದ. ನನಗೆ ರೇಗಿಹೋಗಿತ್ತು. ಇಷ್ಟೆಲ್ಲ ಆಡುತ್ತೀಯಲ್ಲ, ನಿನ್ನ ಕೆಲಸದಲ್ಲಿ ಎಂದಾದರೂ ಬೆಂಕಿ ಬಿದ್ದದ್ದುಂಟೇ ಎಂದು ಕೆಣಕಿದೆ.

"ಇಲ್ಲ ಕಣ್ ಮೇಷ್ಟ್ರೇ," ಎಂದ. "ಕೂತ್ಕತೀನಲ್ಲಾ."

ಅವನಿಗೆ ಕೈ ತೊಳೆಸಿ ಊಟ ಬಡಿಸಿದೆವು.

ಅವನ ಮಗಳು ಸವಿತಳ ವೀಳ್ಯಶಾಸ್ತ್ರ ತೊಂಬತ್ತರ ದಶಕದ ನಡುವಿನ ಒಂದು ಶುಕ್ರವಾರ ನಡೆಯಬೇಕಾಗಿತ್ತು. ನಾಗಮಂಗಲದ ಕಡೆಯ ದೇವಲಾಪುರದ ಗಂಡು; ಹುಡುಗ, ಹುಡುಗಿ ಇಬ್ಬರೂ ಒಪ್ಪಿದ್ದರು. ಹತ್ತೂವರೆಗೆ ರಾಹುಕಾಲ ಹುಟ್ಟುವ ಮೊದಲೇ ಎಲೆ ಅಡಿಕೆ ಬದಲಾಯಿಸಿಕೊಳ್ಳಬೇಕೆಂದು ಹಿರಿಯರ ತೀರ್ಮಾನ. ಅಂದೇ ಬೆಳಗಿನ ಜಾವ ತೊಣ್ಣೂರು ದಾರಿಯ ಕರಿಯಯ್ಯನ ಆಲೆಮನೆಯಲ್ಲಿ ಗಾಣದ ಚೌಕಟ್ಟು ಸೀಳಿತು. ಕಡಿದ ಕಬ್ಬು ರಾಶಿ ಬಿದ್ದಿತ್ತು, ಒಣಗಿದರೆ ಬೆಲ್ಲ ಕೆಡುತ್ತಿತ್ತು. ಬೆಳಗಾಗುವುದರೊಳಗೆ ಮುಗಿಸಿ ಬರುತ್ತೇನೆಂದು ಹೋದ ಮರಿಸ್ವಾಮಿ ಒಂಬತ್ತೂವರೆಯಾದರೂ ಬರಲಿಲ್ಲ. ಗಂಡಿನ ಕಡೆಯವರು ಬಂದು ಜಮಖಾನದ ಮೇಲೆ ಕೂತಾಗಿತ್ತು. ಅವನ ಹೆಂಡತಿ ಯಶೋದಮ್ಮ ಪಕ್ಕದ ಮನೆಯವನಾದ ನನ್ನ ಮುಖ ನೋಡಿದರು. ನಾನು ಸ್ಕೂಟರು ಹತ್ತಿದೆ.

ಆಲೆಮನೆಯವರದೊಂದು ಪದ್ಧತಿಯಿದೆ. ಹಿಂಡಿದ ಕಬ್ಬಿನ ಸಿಪ್ಪೆಯನ್ನು, ಅವರು ರಚ್ಚು ಎನ್ನುತ್ತಾರೆ, ಗಾಣದ ಮಗ್ಗುಲಲ್ಲೇ ಒಣಹಾಕಿ ಅದನ್ನೇ ಒಲೆಗೆ ಉರುವಲು ಮಾಡುತ್ತಾರೆ. ಬೆಸುಗೆಯವನು ಬಂದಾಗ ರಚ್ಚಿನ ರಾಶಿಯ ನೆತ್ತಿಗೆ ನಾಲ್ಕು ಕೊಡ ನೀರು ಹೊಯ್ದು, ಗಾಣಕ್ಕೆ ಊದುಬತ್ತಿ ಬೆಳಗಿ, ಕೆಲಸ ಮುಗಿದ ತಕ್ಷಣ ಮತ್ತೆ ಕಬ್ಬು ಕೊಟ್ಟುಬಿಡುತ್ತಾರೆ. ಮೇಲಿನ ಒಂದು ಗೇಣು ಒದ್ದೆಯಾಗಿರುತ್ತದೆ. ಕಿಡಿ ಉರುಳಿ ಹೋಗುವುದು ಬುಡಕ್ಕೆ, ಅಲ್ಲಿ ಎಲ್ಲ ಒಣಕಲು. ನಾನು ಹೋದಾಗ ಗಾಣ ತಿರುಗತೊಡಗಿತ್ತು, ಮರಿಸ್ವಾಮಿ ಕೋಟು ಹಾಕಿಕೊಂಡು ಆ ರಾಶಿಯ ಬುಡದಲ್ಲಿ ಬಕೆಟ್ಟಿನೊಂದಿಗೆ ಕೂತಿದ್ದ. ಬಾಯಲ್ಲಿ ಮೊದಲನೆಯ ಎಲೆ.

ಕರಿಯಯ್ಯನೇ ನನಗಿಂತ ಮೊದಲು ಗೋಗರೆಯುತ್ತಿದ್ದ, ನಾವು ನೋಡಿಕೊಳ್ಳುತ್ತೇವೆ ಹೋಗು ಮಾರಾಯ ಎಂದು. "ನೀನು ಗಾಣ ನೋಡ್ತೀಯೆ ಕಣ್ಲಾ, ರಚ್ಚು ನೋಡಕಿಲ್ಲ," ಎಂದು ಮರಿಸ್ವಾಮಿ ಅವನ ಬಾಯಿ ಮುಚ್ಚಿಸಿದ. ನಾನು ಗದರಿದೆ. ಸಂಬಂಧ ಮುರಿದುಹೋದರೆ ಹುಡುಗಿಯ ಗತಿಯೇನು ಎಂದು ಕೇಳಿದೆ. ಅವನ ಅಗಿತ ನಿಂತಿತು. ಅವನಿಗೆ ಭಯವಿರಲಿಲ್ಲ ಎಂದು ಯಾರೂ ತಿಳಿಯಬಾರದು.

"ಎದ್ದು ಬಂದ್ಬುಟ್ಟು ಅಲ್ಲಿ ಕೂತ್ಕಂಡ್ರೆ ನನ್ನ ಜೀವೆಲ್ಲ ಈ ಬುಡದಲ್ಲೇ ಇರ್ತದೆ ಮೇಷ್ಟ್ರೇ," ಎಂದ. "ಮಗೀನ ಮುಖ ನೋಡಕ್ಕಾದದಾ?"

ನಾನು ಬರಿಗೈಯಲ್ಲಿ ಮರಳಿದೆ. ಆಲೆಮನೆಯಲ್ಲಿ ನಡೆದದ್ದನ್ನು ನಡುಮನೆಯಲ್ಲಿ ಹೇಳುತ್ತಿದ್ದಂತೆ ಗಂಡಿನ ತಂದೆ ಚಿಕ್ಕಯ್ಯ ಹೆಗಲ ಮೇಲಿನ ಟವೆಲ್ಲು ಕೊಡವಿ ಎದ್ದರು. ಮುಗಿದ ಕೆಲಸದ ಮುಂದೆ ಕೂತವನಿಗೆ ಬಂದ ನೆಂಟರಿಗಿಂತ ಕಸವೇ ಹೆಚ್ಚಾಯಿತಲ್ಲ, ಇಂಥ ಮನೆಯ ಹೆಣ್ಣು ನಮಗೆ ಬೇಡ ಎಂದು ಚಪ್ಪಲಿ ಹುಡುಕತೊಡಗಿದರು. ಯಶೋದಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಒಳಗೆ ಸವಿತಳ ಬಳೆ ಸದ್ದು ನಿಂತುಹೋಯಿತು. ನನಗೆ ಆ ಕ್ಷಣದಲ್ಲಿ ಮರಿಸ್ವಾಮಿಯ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಅಡುಗೆಮನೆಯ ಬಾಗಿಲಿಗೊರಗಿ ಕೂತಿದ್ದ ಮುದುಕಿ, ಚಿಕ್ಕಯ್ಯನವರ ತಾಯಿ ಮಾಯಮ್ಮ, ನನ್ನನ್ನು ಹತ್ತಿರ ಕರೆದು ವಿಚಾರಣೆ ಮಾಡಿದರು. ಬೆಂಕಿ ಬಿದ್ದಿದೆಯೇ? ಇಲ್ಲ ಎಂದೆ. ಮತ್ತೆ ಯಾಕೆ ಕೂತಿದ್ದಾನೆ? ಬೀಳದೆ ಇರಲಿ ಅಂತ, ಎಂದೆ. ಮಾಯಮ್ಮ ಮಗನತ್ತ ತಿರುಗಿದರು.

"ಕೂತ್ಕಳ್ಳಾ ಚಿಕ್ಕಯ್ಯ. ಉಲ್ಲಿನ ಸೂರಲ್ಲಿ ನಿಮ್ಮನ್ನೆಲ್ಲ ಉಣ್ಸಿ ಮನಗಿಸ್ಬುಟ್ಟು, ಕೆಂಡ ಆರೋಗಂಟ ನಾನು ಒಲೆ ಮುಂದೆ ಇಂಗೇ ಕೂತಿರ್ತಿದ್ದೆ. ಒಂದಿನಾರ ಯಾಕೆ ಅಂತ ಕೇಳಿದ್ಯಾ ನೀನು?"

ಚಿಕ್ಕಯ್ಯನವರು ಒಂದು ಚಪ್ಪಲಿ ಮೆಟ್ಟಿ ನಿಂತಿದ್ದರು. ತಾಯಿಯನ್ನೇ ನೋಡುತ್ತ ಅದನ್ನು ಕಳಚಿ, ಬಂದು ಮೊದಲಿದ್ದ ಜಾಗದಲ್ಲಿ ಕೂತರು. ರಾಹುಕಾಲ ಕಳೆದ ಮೇಲೆಯೇ ಶಾಸ್ತ್ರವಾಗಲಿ ಎಂದು ಮಾಯಮ್ಮನೇ ಹೇಳಿ ಕಾಫಿ ಕೇಳಿದರು.

ರಾಹುಕಾಲದ ನಟ್ಟನಡುವೆ ಮರಿಸ್ವಾಮಿ ಎಡಕ್ಕೆ ವಾಲುತ್ತ ಬಂದ. ತೂತುಬಿದ್ದ ಕೋಟು, ಕೆಂಪಾದ ಬಾಯಿ, ಮೊಣಕೈವರೆಗೂ ರಚ್ಚಿನ ಧೂಳು. ತುಂಬಿದ ಮನೆ ನೋಡಿ ಹೊಸ್ತಿಲಲ್ಲೇ ನಿಂತ. ಒಳಗೆ ಬರುವ ಧೈರ್ಯವಾಗಲಿಲ್ಲವೇನೋ. ಚಿಕ್ಕಯ್ಯನವರು ತಲೆ ಎತ್ತಿ, "ಏನಾಯ್ತು ಬೀಗ್ರೇ?" ಎಂದರು.

ಬೀಗರೆಂಬ ಮಾತು ಕಿವಿಗೆ ಬಿದ್ದು ಅವನ ಮುಖ ಅರಳಿತು. ಕಣ್ಣೊರಸಿಕೊಂಡ. ತೋಳಿನ ಧೂಳು ಕೊಡವಿ, ಏನೋ ದೊಡ್ಡದನ್ನು ಗೆದ್ದು ಬಂದವನ ಗತ್ತಿನಲ್ಲಿ, "ಏನೂ ಆಗ್ನಿಲ್ಲ," ಎಂದ.

ಇಂಥವರ ಬಗ್ಗೆ ಬರೆಯಲು ಕೂತರೆ ಹೇಳಿಕೊಳ್ಳುವಂಥ ಘಟನೆಯೊಂದೂ ಸಿಗುವುದಿಲ್ಲ. ಹತ್ತಿದ ಬೆಂಕಿಯನ್ನು ಆರಿಸಿದವನಿಗೆ ಊರು ಹಾರ ಹಾಕುತ್ತದೆ, ಹತ್ತದಂತೆ ಕಾದವನನ್ನು ಕೆಲಸವಿಲ್ಲದೆ ಕೂತಿದ್ದ ಎನ್ನುತ್ತದೆ. ಉರಿ ತಗ್ಗಿದ ಮೇಲೂ ಒಲೆಯ ಮುಂದೆ ಉಳಿಯುವ ಹೆಂಗಸರು, ಬೆಸುಗೆಯ ಬೆಳಕು ನಂದಿದ ಮೇಲೂ ಉಳಿಯುವ ಮರಿಸ್ವಾಮಿಗಳು, ಅವರು ಕಾಯ್ದ ಸೂರಿನಡಿ ನಾವು ನಿಶ್ಚಿಂತೆಯಿಂದ ಮಲಗಿ ಎದ್ದು ಅವರನ್ನು ಆಡಿಕೊಳ್ಳುತ್ತೇವೆ. ಅಂದು ಸಂಜೆ ಶಾಸ್ತ್ರದ ಊಟ ಮುಗಿಸಿ ತೊಣ್ಣೂರು ದಾರಿಯಲ್ಲಿ ಹೋಗುವಾಗ ನಾನು ಸ್ಕೂಟರು ನಿಲ್ಲಿಸಿ ನೋಡಿದೆ. ಕರಿಯಯ್ಯನ ಆಲೆಮನೆಯಿಂದ ಹೊಗೆ ಏಳುತ್ತಿತ್ತು, ಒಲೆಯಿಂದ ಮಾತ್ರ.